ಕುರುಬರಹಳ್ಳಿಗೆ ಬಂದ ಸಮುದ್ರ

ಆಗ ನನಗೆ ಇಪ್ಪತ್ತೇಳು ವರ್ಷ. ಐವತ್ತು ವರ್ಷದ ಹಿಂದಿನ ಮಾತು. ಕುರುಬರಹಳ್ಳಿಯ ಪಕ್ಕದ ಮೈದಾನದಲ್ಲಿ ನಾಟಕದ ಕಂಪನಿಯವರು ತಗಡಿನ ಥೇಟರು ಕಟ್ಟಿದ್ದರು. ಅದರ ಸ್ಟೇಜಿನ ಮೇಲೆ ನಾನು ಸಮುದ್ರದ ಅಲೆಯಾಗಿದ್ದೆ. ಇದನ್ನು ಹೋಲಿಕೆ ಗೀಲಿಕೆ ಅಂದುಕೊಳ್ಳಬೇಡಿ. ಅಲೆ ಅಂದರೆ ಅಲೆಯೇ. ನೀಲಿ ಬಟ್ಟೆಯ ಕೆಳಗೆ ಕುಕ್ಕರಗಾಲಲ್ಲಿ ಕೂತು ಏಳುವುದು, ಇಳಿಯುವುದು. ಅದೇ ನನ್ನ ಪಾರ್ಟು.

ಕಂಪನಿಯವರು ಧಾರವಾಡದ ಕಡೆಯವರು. ಎರಡು ಲಾರಿಯಲ್ಲಿ ತಗಡು, ಬೊಂಬು, ಸುತ್ತಿದ ಪರದೆಗಳು, ಕಾಲಲ್ಲಿ ತುಳಿಯುವ ಹಾರ್ಮೋನಿಯಂ, ಮಂಚ, ಪಾತ್ರೆ ಎಲ್ಲ ಹೊತ್ತು ತಂದಿಳಿಸಿದರು. ಒಂದು ವಾರದಲ್ಲಿ ಥೇಟರು ನಿಂತಿತು. ಅದರ ಹಿಂದೆ ಅವರ ಗುಡಾರಗಳು. ಬೆಳಿಗ್ಗೆ ಅವರ ಹೆಂಗಸರು ರೊಟ್ಟಿ ತಟ್ಟುವ ಸದ್ದು ನಮ್ಮ ಹಿತ್ತಿಲಿಗೆ ಕೇಳುತ್ತಿತ್ತು. ರಾಗಿ ಮುದ್ದೆ ತಿನ್ನುವ ನಮಗೆ ಅದೇ ಒಂದು ವಿಚಿತ್ರ. ನೀರಿಗೆ ಹೋಗುವ ನೆಪದಲ್ಲಿ ಬಿಂದಿಗೆ ಇಟ್ಟುಕೊಂಡು ನಿಂತು ನೋಡುತ್ತಿದ್ದೆವು. ರಾತ್ರಿ ರಾಣಿಯಾಗಿ ಕಿರೀಟ ಇಟ್ಟವಳು ಬೆಳಿಗ್ಗೆ ನೈಲಾನ್ ಸೀರೆ ಉಟ್ಟು ಈರುಳ್ಳಿ ಹೆಚ್ಚುತ್ತಾ ಕೂತಿರುತ್ತಿದ್ದಳು. ನನಗೆ ಎರಡೂ ಒಂದೇ ಸಮ ಇಷ್ಟವಾಗಿತ್ತು.

ಆ ರಾಣಿಯೇ ಕಂಪನಿಯ ಯಜಮಾನಿ. ನಲವತ್ತು ದಾಟಿದ ಹೆಂಗಸು, ದಪ್ಪ ಗಾಜಿನ ಕನ್ನಡಕ, ದೊಡ್ಡ ಗಂಟಲು. ಕನ್ನಡಕ ತೆಗೆದರೆ ಎದುರಿಗಿದ್ದವರು ಕಾಣುತ್ತಿರಲಿಲ್ಲ. ಆದರೂ ಸ್ಟೇಜಿನ ಮೇಲೆ ಕನ್ನಡಕವಿಲ್ಲದೆ ಕತ್ತಿ ಬೀಸುತ್ತಿದ್ದಳು.

ನಮ್ಮ ಮನೆಯಲ್ಲಿ ಎಮ್ಮೆಗಳಿದ್ದವು. ಥೇಟರಿನಲ್ಲಿ ಕುರ್ಚಿ, ಬೆಂಚು ಬಿಟ್ಟರೆ ಮುಂದೆಲ್ಲ ನೆಲದ ಕ್ಲಾಸು. ಮಣ್ಣು ಏಳದಂತೆ ದಿನಾ ಸಗಣಿ ಹಾಕಿ ಸಾರಿಸಬೇಕು. ಯಜಮಾನಿ ಸಗಣಿ ಕೇಳಿಕೊಂಡು ನಮ್ಮ ಮನೆಗೆ ಬಂದಳು. ನಮ್ಮತ್ತೆ ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೂತಿದ್ದವರು, ಸಗಣಿಯ ಜೊತೆ ನನ್ನನ್ನೂ ಕಳಿಸುವುದಾಗಿ ಒಪ್ಪಿಕೊಂಡರು. ಪಕ್ಕದ ಮನೆಯ ಅಕ್ಕನೂ ಸೇರಿಕೊಂಡಳು. ಅವಳು ನನಗಿಂತ ಎರಡು ಸುತ್ತು ದಪ್ಪ, ಬಾಯಿ ಇನ್ನೂ ದಪ್ಪ. ಆಮೇಲೆ ಕೇರಿಯ ಇನ್ನೂ ನಾಲ್ಕೈದು ಜನ ಬಂದರು.

ಅವತ್ತೇ ಅತ್ತೆ ನನ್ನನ್ನು ಕರೆದು ಹೇಳಿದರು.

"ನಾಟ್ಕ ನೋಡು, ಬ್ಯಾಡ ಅನ್ನಕಿಲ್ಲ. ನಂಗೂ ನಾಟ್ಕ ಅಂದ್ರೆ ಇಷ್ಟವೇ. ಆದ್ರೆ ಸ್ಟೇಜು ಹತ್ತಿದ್ದು ಗೊತ್ತಾದ್ರೆ ಹಂಗೇ ನಿಮ್ಮಪ್ಪನ ಮನೆ ದಾರಿ ಹಿಡಿ. ಮಗೀನ ಇಲ್ಲೇ ಬಿಟ್ಟು ಹೋಗು."

"ನಾನ್ಯಾಕೆ ಹತ್ತಲಿ ಅತ್ತೆಮ್ಮ? ಸಗಣಿ ಬಳಿಯೋಳು," ಅಂದೆ.

ಬಾಯಿಮಾತಿಗೆ ಅಂದದ್ದಲ್ಲ ಅವರು. ಹಿಂದಿನ ಬೀದಿಯಲ್ಲಿ ಒಬ್ಬಳು ಸೊಸೆ ಗಣಪತಿ ಪೆಂಡಾಲಿನಲ್ಲಿ ಮೈಕು ಹಿಡಿದು ಹಾಡಿದ್ದಕ್ಕೆ ತವರಿಗೆ ಕಳಿಸಿದ್ದರು. ವರ್ಷ ಕಳೆದರೂ ಯಾರೂ ಹೋಗಿ ಕರೆತಂದಿರಲಿಲ್ಲ. ನಮ್ಮತ್ತೆ ಆ ಮನೆಗೆ ಹೋಗಿ, ಸರಿಯಾಗಿ ಮಾಡಿದಿರಿ ಅಂತ ಹೇಳಿ ಬಂದಿದ್ದರು. ನನ್ನ ಮಗಳಿಗೆ ಆಗ ನಾಲ್ಕು ವರ್ಷ. ತವರು ಮಾಗಡಿಯಾಚೆ. ಅಪ್ಪ ಇರಲಿಲ್ಲ, ಅಣ್ಣನ ಹೆಂಡತಿಯ ರಾಜ್ಯ. ಅಲ್ಲಿಗೆ ಹೋದರೆ ನನ್ನ ಗತಿ ಏನು ಅಂತ ನನಗೆ ಚೆನ್ನಾಗಿ ಗೊತ್ತಿತ್ತು.

ಕಂಪನಿಯವರು ಹೊಸ ನಾಟಕ ಹಾಕುವ ತಯಾರಿಯಲ್ಲಿದ್ದರು. ರಾಣಿಯನ್ನು ಹಡಗಿನಿಂದ ಸಮುದ್ರಕ್ಕೆ ನೂಕುತ್ತಾರೆ, ಅವಳು ಒಂದು ನಡುಗಡ್ಡೆ ಸೇರುತ್ತಾಳೆ, ಅಲ್ಲಿ ಮಗನನ್ನು ಸಾಕಿ ದೊಡ್ಡವನನ್ನಾಗಿ ಮಾಡಿ ರಾಜ್ಯ ಗೆಲ್ಲಿಸುತ್ತಾಳೆ. ಅದಕ್ಕೆ ಸ್ಟೇಜಿನ ಮೇಲೆ ಸಮುದ್ರ ಬೇಕು. ಪರದೆಯಲ್ಲಿ ಬರೆದ ಸಮುದ್ರ ಸಾಲದು, ಏಳುವ ಬೀಳುವ ಸಮುದ್ರವೇ ಬೇಕು ಅಂತ ಯಜಮಾನಿಯ ಹಟ. ತೆಳ್ಳನೆಯ ಮಲ್ಲು ಬಟ್ಟೆಯ ಉದ್ದುದ್ದ ತುಂಡುಗಳನ್ನು ಜೋಡಿಸಿ ಹೊಲಿದು, ಬಟ್ಟೆಗೆ ಹಾಕುವ ನೀಲಿಯನ್ನೇ ಹಂಡೆಗಟ್ಟಲೆ ಕದಡಿ ಅದ್ದಿ ಒಣಗಿಸಿದ್ದರು. ಮೈದಾನದ ತುಂಬ ಹರಡಿದ್ದ ಆ ನೀಲಿಯನ್ನು ನೋಡಲು ರಾಜಾಜಿನಗರದ ಕಡೆಯಿಂದೆಲ್ಲ ಜನ ಬಂದಿದ್ದರು.

ಒಂದು ಮಧ್ಯಾಹ್ನ ನಾವು ನೆಲ ಸಾರಿಸುತ್ತಿದ್ದೆವು. ಸ್ಟೇಜಿನ ಮೇಲೆ ತಾಲೀಮು ನಡೆದಿತ್ತು. ಫ್ಯಾಕ್ಟರಿಯಲ್ಲಿ ಪಾಳಿ ಮುಗಿಸಿ ಬಂದ ಗಂಡಸರನ್ನು ಹಿಡಿದು ಬಟ್ಟೆಯ ಕೆಳಗೆ ಕೂರಿಸಿದ್ದರು. ನಾಟಕದ ಮೇಷ್ಟ್ರು ಶಿಳ್ಳೆ ಊದಿದರೆ ಅಷ್ಟೂ ಜನ ಒಟ್ಟಿಗೆ ಎದ್ದು ನಿಲ್ಲುತ್ತಿದ್ದರು. ಮತ್ತೆ ಊದಿದರೆ ಒಟ್ಟಿಗೆ ಕೂರುತ್ತಿದ್ದರು.

"ಏ, ನೀವೇನು ಪರೇಡ್ ಮಾಡಾಕ ಹತ್ತೀರೇನೋ?" ಮೇಷ್ಟ್ರು ತಲೆ ಚಚ್ಚಿಕೊಂಡರು. "ಎಲ್ಲಾರೂ ಒಮ್ಮೆಲೆ ಎದ್ರ ಅದು ಸಮುದ್ರ ಆಗಂಗಿಲ್ಲ. ಡೇರೆ ಆಕ್ಕೈತಿ."

ಪಕ್ಕದ ಮನೆ ಅಕ್ಕನಿಗೆ ನಗು ತಡೆಯಲಾಗಲಿಲ್ಲ. ನನಗೂ. ಸಗಣಿ ಕೈಯಲ್ಲೇ ಬಾಯಿ ಮುಚ್ಚಿಕೊಳ್ಳಲು ಹೋಗಿ ಮುಖವೆಲ್ಲ ಬಳಿದುಕೊಂಡೆ. ಮೇಷ್ಟ್ರು ನಮ್ಮ ಕಡೆ ತಿರುಗಿ ಬೈಯಲು ಬಾಯಿ ತೆರೆದರು. ಅಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಯಜಮಾನಿ ಕನ್ನಡಕ ಮೇಲೇರಿಸಿಕೊಂಡು ನಮ್ಮನ್ನೇ ನೋಡತೊಡಗಿದಳು.

ನೆಲ ಸಾರಿಸುವುದಕ್ಕೆ ಒಂದು ಕ್ರಮ ಇದೆ. ಎಲ್ಲರೂ ಸಾಲಾಗಿ ಕುಕ್ಕರಗಾಲಲ್ಲಿ ಕೂರಬೇಕು. ಒಬ್ಬಳು ಮುಂದೆ ಬಾಗಿ ಕೈ ಬೀಸಿ ಬಳಿದು ಹಿಂದಕ್ಕೆ ಸರಿಯುವಾಗ ಪಕ್ಕದವಳು ಬಾಗಬೇಕು. ಇಬ್ಬರೂ ಒಟ್ಟಿಗೆ ಬಾಗಿದರೆ ತಲೆಗೆ ತಲೆ ಡಿಕ್ಕಿ. ಹಾಗಾಗಿ ಸಾಲು ತಾನಾಗಿಯೇ ಒಂದು ತುದಿಯಿಂದ ಇನ್ನೊಂದು ತುದಿಗೆ ಎದ್ದೆದ್ದು ಬೀಳುತ್ತಾ ಹೋಗುತ್ತದೆ. ನಾವು ಅದನ್ನು ಯೋಚಿಸಿ ಮಾಡುತ್ತಿರಲಿಲ್ಲ.

"ಮಾಸ್ತರ, ಇಲ್ಲೆ ನೋಡ್ರಿ," ಅಂದಳು ಯಜಮಾನಿ. "ಈ ಹೆಣ್ಮಕ್ಕಳು ನೆಲಾ ಸಾರಸೂದು ನೋಡ್ರಿ. ಒಬ್ಬಾಕಿ ಎದ್ರ ಇನ್ನೊಬ್ಬಾಕಿ ಬಾಗತಾಳ. ನಿಮ್ಮ ಸಮುದ್ರ ಇಲ್ಲೇ ಐತಿ."

ಗಂಡಸರನ್ನು ಟೀ ಕುಡಿಯಲು ಕಳಿಸಿ ನಮ್ಮನ್ನು ಮೇಲೆ ಕರೆದರು. ನಾನು ಕೆಳಗೇ ನಿಂತೆ.

"ನಾನು ಸ್ಟೇಜು ಹತ್ತೋಕಾಗಲ್ಲ ಕಣಮ್ಮ. ನಮ್ಮತ್ತೆ ಮನೆ ಬಿಟ್ಟು ಓಡಿಸ್ತಾರೆ."

"ನಿನ್ನ ಯಾರು ನೋಡ್ತಾರವಾ? ಬಟ್ಟಿ ಕೆಳಗ ಇರ್ತಿ. ಮಂದಿ ನೋಡೂದು ಸಮುದ್ರ."

ಅದೂ ಹೌದು ಅನ್ನಿಸಿತು. ಹತ್ತಿದೆ. ನೀಲಿ ಬಟ್ಟೆ ನಮ್ಮ ಮೇಲೆ ಬಂದು ಬಿತ್ತು. ಒಳಗೆ ಬೆಳಕೆಲ್ಲ ನೀಲಿ, ಪಕ್ಕದ ಮನೆ ಅಕ್ಕನ ಮುಖವೂ ನೀಲಿ. "ಸಾರ್ಸ್ರೇ," ಅಂದಳು ಅವಳು. ನಾವು ಇಲ್ಲದ ಸಗಣಿಯಲ್ಲಿ ಇಲ್ಲದ ನೆಲ ಸಾರಿಸತೊಡಗಿದೆವು. ಹೊರಗೆ ಮೇಷ್ಟ್ರು ಕೂಗಿದ್ದು ಕೇಳಿತು. ಬೈಗುಳವಲ್ಲ. ಹಾರ್ಮೋನಿಯಂ ಶುರುವಾಯಿತು, ತಬಲಾ ಸೇರಿತು, ಯಾರೋ ತಗಡು ಅಲ್ಲಾಡಿಸಿ ಗುಡುಗು ಮಾಡಿದರು. ನನ್ನ ಮೈಮೇಲೆಲ್ಲ ಮುಳ್ಳೆದ್ದಿತು. ಕೂಲಿ ಸಿಗುತ್ತದೆ ಅಂತ ಒಪ್ಪಿಕೊಂಡೆ ಅಂದರೆ ಸುಳ್ಳು. ಮಜಾ ಇತ್ತು, ಅದಕ್ಕೇ ಒಪ್ಪಿಕೊಂಡೆ.

ಗಂಡನಿಗೆ ಹೇಳಿದೆ. ಅವರು ಫ್ಯಾಕ್ಟರಿಗೆ ಹೊರಡುತ್ತಿದ್ದವರು ಸೈಕಲ್ಲಿನ ಮೇಲೆ ಒಂದು ಕಾಲು ಹಾಕಿ ನಿಂತರು.

"ಅವ್ವಂಗೆ ಗೊತ್ತಾದ್ರೆ?"

"ಗೊತ್ತಾದಾಗ ನೋಡವ."

"ನನ್ನೆಸ್ರು ಎತ್ಬ್ಯಾಡ. ಇವತ್ತಿಂದ ದಿನಾ ಓಟಿ ಹಾಕಿಸ್ಕೊತೀನಿ. ಅವ್ವ ಕೂಗಾಡೋ ಟೈಮಲ್ಲಿ ಮನೇಲಿರಾಕಿಲ್ಲ."

ಅವರಿಂದ ಅಷ್ಟೇ ಸಹಾಯ. ಹೋಗಲಿ ಬಿಡಿ, ಬೇಡ ಅನ್ನಲಿಲ್ಲ.

ನಾಟಕ ಶುರುವಾಗುವ ಮುಂಚೆ ಜಟಕಾ ಗಾಡಿಗೆ ಸ್ಪೀಕರು ಕಟ್ಟಿ ಬೀದಿ ಬೀದಿ ಸಾರಿದರು. "ಸಮುದ್ರ ನೋಡಲು ಮಂಗಳೂರಿಗೆ ಹೋಗಬೇಕಾಗಿಲ್ಲ. ನಿಮ್ಮ ಊರಿಗೇ ಸಮುದ್ರ ಬಂದಿದೆ. ಸಂಸಾರ ಸಮೇತರಾಗಿ ಬನ್ನಿ." ವಿಜಯನಗರ, ಬಸವೇಶ್ವರನಗರ ಎಲ್ಲ ಸುತ್ತಿ ಬಂತು ಗಾಡಿ. ನಮ್ಮ ಮನೆ ಮುಂದೆ ಹೋಗುವಾಗ ಅತ್ತೆ ಅಡಿಗೆಮನೆಯಿಂದ ಎದ್ದು ಬಂದು, ಗಾಡಿ ತಿರುವಿನಲ್ಲಿ ಮರೆಯಾಗುವವರೆಗೆ ನಿಂತು ಕೇಳಿಸಿಕೊಂಡರು.

ಮೊದಲ ಆಟದ ದಿನ ಥೇಟರು ತುಂಬಿ ಜನ ಹೊರಗೆ ನಿಂತಿದ್ದರು. ಬಟ್ಟೆಯ ಕೆಳಗೆ ಕೂತು ಪರದೆ ಏಳುವುದನ್ನು ಕಾಯುತ್ತಿದ್ದೆವು. ಸರ್‍ರನೆ ಪರದೆ ಎದ್ದಿತು. ಲೈಟಿನವನು ನೀಲಿ ಹಸಿರು ಕಾಗದ ತಿರುಗಿಸಿದ. ನಾವು ಎದ್ದೆವು, ಬಿದ್ದೆವು. ಎದುರಿಗೆ ಸಾವಿರ ಜನ ಒಟ್ಟಿಗೆ ಉಸಿರೆಳೆದುಕೊಂಡರು. ಅಂಥ ಸದ್ದು ನಾನು ಆಮೇಲೆ ಎಲ್ಲಿಯೂ ಕೇಳಿಲ್ಲ. ಆಮೇಲೆ ಚಪ್ಪಾಳೆ, ಶಿಳ್ಳೆ. ರಾಣಿ ಹಡಗಿನಿಂದ ಬಿದ್ದಳು, ನಮ್ಮ ಬೆನ್ನುಗಳ ನಡುವೆ ತೆವಳಿಕೊಂಡು ನಡುಗಡ್ಡೆ ಹತ್ತಿದಳು. ನಡುಗಡ್ಡೆ ಅಂದರೆ ಗೋಣಿಚೀಲ ಹೊದಿಸಿದ ಎರಡು ಮಂಚ, ಮೇಲೊಂದು ತೆಂಗಿನ ಗರಿ. ಕನ್ನಡಕ ಇಲ್ಲದ್ದಕ್ಕೆ ಅವಳು ಒಂದು ದಿನ ಪಕ್ಕದ ಮನೆ ಅಕ್ಕನ ಮೇಲೇ ಹತ್ತಿ ನಿಂತು ಒಂದು ಹಾಡು ಪೂರ್ತಿ ಹೇಳಿದಳು. ಅಕ್ಕ ಕೆಳಗೆ ಎಲ್ಲ ದೇವರನ್ನೂ ಬೈದಳು.

ಆ ಮೊದಲ ದಿನವೇ ಇನ್ನೊಂದು ಆಯಿತು. ಶ್ರೀರಂಗಪಟ್ಟಣದ ಸೇತುವೆ ಮೇಲೆ ಬಸ್ಸು ಹೋಗುವಾಗ ಜನ ಕಿಟಕಿಯಿಂದ ಕಾವೇರಿಗೆ ಕಾಸು ಎಸೆಯುತ್ತಾರಲ್ಲ, ಹಾಗೆ ಯಾರೋ ಒಬ್ಬರು ಸ್ಟೇಜಿನ ಸಮುದ್ರಕ್ಕೆ ಕಾಸು ಎಸೆದರು. ನೀರು ಕಂಡರೆ ಕೈ ಸುಮ್ಮನಿರಬೇಕಲ್ಲ. ಒಬ್ಬರು ಎಸೆದದ್ದೇ ತಡ ಹತ್ತು ಕಡೆಯಿಂದ ಬಂದವು. ತಲೆ, ಬೆನ್ನು, ಕಿವಿ, ಎಲ್ಲಿ ಬೇಕಾದರಲ್ಲಿ ಚುರ್ ಅನ್ನಿಸುತ್ತಿತ್ತು. ಕೈ ಮುಗಿದವರೂ ಇದ್ದರಂತೆ. ಮೇಷ್ಟ್ರು ಮೈಕಿನಲ್ಲಿ ಬೇಡ ಅಂದರು. ಮಾರನೆಯ ದಿನ ಇನ್ನೂ ಹೆಚ್ಚು ಬಿತ್ತು. ನಾವು ತಲೆಗೆ ಟವಲು ಸುತ್ತಿಕೊಂಡು ಅಲೆಯಾಗುವುದನ್ನು ಕಲಿತೆವು.

ಬೆವರಿಗೆ ಬಟ್ಟೆಯ ನೀಲಿ ಬಿಡುತ್ತಿತ್ತು. ಆಟ ಮುಗಿದ ಮೇಲೆ ಬೀದಿ ನಲ್ಲಿಯಲ್ಲಿ ಮುಖ ಕತ್ತು ಉಜ್ಜಿ ತೊಳೆದು ಮನೆಗೆ ಹೋಗುತ್ತಿದ್ದೆ. ಆದರೂ ಒಂದು ದಿನ ಅತ್ತೆ ಕೇಳಿಯೇಬಿಟ್ಟರು.

"ಕಿವಿ ಹಿಂದೆ ಏನೇ ಅದು?"

"ಬಟ್ಟೆಗೆ ನೀಲಿ ಹಾಕ್ದೆ ಅತ್ತೆಮ್ಮ."

"ಕಿವಿಗೂ ಹಾಕ್ದಾ?"

ನಾನು ಎಮ್ಮೆಗೆ ಹುಲ್ಲು ಹಾಕಲು ಹೋದೆ. ಆಟ ಮುಗಿದ ಮೇಲೆ ಥೇಟರು ಗುಡಿಸಿ ಬರುತ್ತೇನೆ ಅಂತ ನಾನು ಹೇಳಿಟ್ಟಿದ್ದೆ. ಅದು ಸುಳ್ಳೂ ಅಲ್ಲ, ಗುಡಿಸಿಯೇ ಬರುತ್ತಿದ್ದೆ.

ಎಡವಟ್ಟು ಮಾಡಿದ್ದು ಯಜಮಾನಿಯ ಒಳ್ಳೆಯ ಮನಸ್ಸು. ಸಮುದ್ರದಿಂದಲೇ ಥೇಟರು ತುಂಬುತ್ತಿದೆ ಅಂತ ಖುಷಿಯಾಗಿ, ಅಲೆಯಾದ ಒಬ್ಬೊಬ್ಬಳ ಮನೆಗೂ ಭಾನುವಾರ ಮಧ್ಯಾಹ್ನದ ಆಟಕ್ಕೆ ಮುಂದಿನ ಬೆಂಚಿನ ಪಾಸು ಕಳಿಸಿಬಿಟ್ಟಳು. ನಮ್ಮನ್ನು ಕೇಳಲಿಲ್ಲ. ನಾನು ಭಾನುವಾರ ಬೆಳಿಗ್ಗೆಯಿಂದಲೇ ಥೇಟರಿನಲ್ಲಿದ್ದೆ. ಪಾಸು ಹೋದದ್ದು ನನಗೆ ಗೊತ್ತೇ ಇಲ್ಲ. ಸಗಣಿ ಕೊಟ್ಟ ಮನೆ ಅಂತ ಪಾಸು ಬಂದಿದೆ ಅಂದುಕೊಂಡಿರಬೇಕು ಅತ್ತೆ.

ಸಮುದ್ರದ ಸೀನಿಗೆ ಸ್ವಲ್ಪ ಮುಂಚೆ ಪಕ್ಕದ ಮನೆ ಅಕ್ಕ ಪರದೆಯ ಸಂದಿಯಿಂದ ಇಣುಕಿದವಳು ಹಾಗೇ ಹಿಂದಕ್ಕೆ ಬಂದಳು.

"ನಿಮ್ಮತ್ತೆ ಬಂದವ್ರೆ ಕಣೇ. ಮುಂದ್ಗಡೆ ಬೆಂಚಲ್ಲಿ ಕುಂತವ್ರೆ."

"ತಮಾಷೆ ಮಾಡ್ಬ್ಯಾಡ ಕಣಕ್ಕ."

"ನೀನೇ ನೋಡು. ಮಡ್ಲಲ್ಲಿ ಏನೋ ಇಟ್ಕಂಡವ್ರೆ, ಸೆರಗು ಮುಚ್ಚಿ."

ನೋಡಿದೆ. ಹೌದು. ಮದುವೆಗೆ ಉಡುವ ಹಸಿರು ರೇಷ್ಮೆ ಸೀರೆ, ತಲೆ ತುಂಬ ಕನಕಾಂಬರ. ನೆಟ್ಟಗೆ ಕೂತಿದ್ದರು. ಹಿಂದಿನ ಬಾಗಿಲಿನಿಂದ ಓಡಿಬಿಡೋಣ ಅನ್ನಿಸಿತು. ಆದರೆ ನಾನಿದ್ದದ್ದು ಸಾಲಿನ ನಡುವೆ, ಎದುರು ಅಂಚಿಗೆ. ನಾನು ಹೋದರೆ ಸಮುದ್ರದಲ್ಲಿ ಹೊಂಡ ಬೀಳುತ್ತದೆ. ಮೇಷ್ಟ್ರು ಶಿಳ್ಳೆ ಊದಿದರು. ಬಟ್ಟೆಯ ಕೆಳಗೆ ಯಾರಿಗೂ ಕಾಣುವುದಿಲ್ಲವಲ್ಲ ಅಂದುಕೊಂಡು ನುಗ್ಗಿದೆ.

ಪರದೆ ಎದ್ದಿತು. ಗುಡುಗು, ಮಿಂಚು, ಹಡಗು, ಚಪ್ಪಾಳೆ. ಕಾಸು ಬಿದ್ದವು. ರಾಣಿ ಬಿದ್ದಳು, ತೆವಳಿದಳು, ನಡುಗಡ್ಡೆ ಹತ್ತಿ ಅಳಲು ಶುರು ಮಾಡಿದಳು. ಎಲ್ಲ ಸರಿಯಾಗಿಯೇ ನಡೆದಿತ್ತು. ಆಮೇಲೆ ಪಕ್ಕದ ಮೆಟ್ಟಿಲು ಕಿರ್ ಅಂದಿತು. ಮೇಷ್ಟ್ರು ಪಿಸುಗುಟ್ಟಿದ್ದು ಕೇಳಿತು. "ಯಾರವಾ ನೀವು? ಇಳೀರಿ, ಇಳೀರಿ ಕೆಳಗ."

"ತಡಿಯಪ್ಪ ಸುಮ್ನೆ," ಅಂದಿತು ಒಂದು ದನಿ. ಆ ದನಿಯನ್ನು ನಾನು ಹತ್ತು ವರ್ಷದಿಂದ ಕೇಳುತ್ತಾ ಬಂದಿದ್ದೆ.

ಹಾರ್ಮೋನಿಯಂ ನಿಂತಿತು. ನಾವು ಕೆಳಗೆ ಮೆಲ್ಲಗೆ ಏಳುತ್ತಾ ಬೀಳುತ್ತಾ ಇದ್ದೆವು. ಶಿಳ್ಳೆ ಬರದೆ ನಿಲ್ಲಿಸುವ ಹಾಗಿರಲಿಲ್ಲ.

ಯಜಮಾನಿ ಹಳೆಯ ನಟಿ, ಕಂಗಾಲಾಗುವವಳಲ್ಲ. ರಾಣಿಯ ದನಿಯಲ್ಲೇ ಕೇಳಿದಳು. "ಯಾರು ತಾಯಿ ನೀನು? ಈ ಘೋರ ಸಾಗರದ ದಡಕ್ಕೆ ಒಬ್ಬಳೇ ಬಂದೆಯಾ?"

"ನಾನಾ? ಕುರುಬರಹಳ್ಳಿಯೋಳು," ಅಂದರು ನಮ್ಮತ್ತೆ. "ನೀವು ನಿಮ್ಮ ಪಾಡಿಗೆ ಅಳ್ತಾ ಇರಿ ಕಣಮ್ಮ. ನಾನು ಬಾಗಿನ ಬಿಟ್ಟು ಹೊಂಟೋಯ್ತೀನಿ."

ಥೇಟರು ಬಿದ್ದು ಬಿದ್ದು ನಕ್ಕಿತು. ಅತ್ತೆ ನಗಲಿಲ್ಲ. ಜನರ ಕಡೆ ತಿರುಗಿ ಹೇಳಿದರು. "ಏನ್ ನಗ್ತೀರಿ? ನಮ್ಮೂರ ಕಟ್ಟೆ ಮುಚ್ಚಿ ಸೈಟು ಮಾಡಿದ್ರು. ವರ್ಷ ವರ್ಷ ಗಂಗಮ್ಮಂಗೆ ಬಾಗಿನ ಕೊಡ್ತಿದ್ದೋಳು ನಾನು. ಈಗ ಎಲ್ಲಿಗ್ ಕೊಡ್ಲಿ, ನಲ್ಲಿಗ್ ಕೊಡ್ಲಾ? ಇದು ನಾಟ್ಕ ಅಂತ ನಂಗೂ ಗೊತ್ತು. ನಾಟ್ಕದಲ್ಲಿ ಕೃಷ್ಣ ಬಂದ್ರೆ ಕೈ ಮುಗೀತೀರಲ್ಲ, ಅವನೇನು ನಿಜವಾದ ಕೃಷ್ಣನಾ?"

ನಗು ನಿಂತಿತು. ನನಗೆ ಆಗ ಅರ್ಥವಾಯಿತು ಮಡಿಲಲ್ಲಿ ಇದ್ದದ್ದೇನು ಅಂತ. ಕಟ್ಟೆ ತುಂಬಿ ಕೋಡಿ ಬಿದ್ದಾಗ ಊರ ಮುತ್ತೈದೆಯರು ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ಬಳೆ, ರವಿಕೆ ಕಣ, ತೆಂಗಿನಕಾಯಿ ಇಟ್ಟು, ಇನ್ನೊಂದು ಮೊರ ಮುಚ್ಚಿ ನೀರಿಗೆ ಬಿಡುತ್ತಿದ್ದರು. ಎಲ್ಲರಿಗಿಂತ ಮೊದಲು ನಮ್ಮತ್ತೆಯದು. ಕಟ್ಟೆ ಹೋದ ಮೇಲೆ ಆ ಮೊರಗಳು ಅಟ್ಟದ ಮೇಲೆ ಬಿದ್ದಿದ್ದವು.

ಅತ್ತೆ ಸಮುದ್ರದ ಅಂಚಿಗೆ ಬಂದರು. ಅರಿಶಿನ ಕುಂಕುಮ ಚೆಲ್ಲಿದ ವಾಸನೆ ಬಂತು. ಆಮೇಲೆ ನನ್ನ ಬೆನ್ನ ಮೇಲೆ ಭಾರ ಇಳಿಯಿತು. ಅಷ್ಟು ಅಲೆಗಳಿದ್ದವು, ಅವರು ಮೊರ ಇಟ್ಟದ್ದು ನನ್ನ ಮೇಲೆ. ಬೇಕೆಂದು ಇಟ್ಟದ್ದಲ್ಲ, ನಾನೇ ಹತ್ತಿರದಲ್ಲಿದ್ದೆ.

ಮೊರ ಇಟ್ಟು ಹಿಂದೆ ಸರಿಯುವಾಗ ಅವರ ಕಾಲುಂಗುರ ಬಟ್ಟೆಗೆ ಸಿಕ್ಕಿತು. ಅವರು ಕಾಲು ಜಗ್ಗಿದರು. ಮಲ್ಲು ಬಟ್ಟೆ ಪರ್ ಅಂತ ಹರಿಯಿತು, ನನ್ನ ಮುಖದ ಎದುರಿಗೇ. ಬಿಡಿಸಿಕೊಳ್ಳಲು ಅವರು ಬಾಗಿದರು. ಅವರ ಮುಖ ಆ ಕಡೆ, ನನ್ನ ಮುಖ ಈ ಕಡೆ, ನಡುವೆ ಒಂದು ಗೇಣು. ಮೂಗುತಿಯ ಮೇಲೆ ನೀಲಿ ಲೈಟು ಬಿದ್ದಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಅವರ ಕಣ್ಣು ದೊಡ್ಡದಾಯಿತು. ಮುಗಿಯಿತು, ನಾಳೆ ಮಾಗಡಿ ಬಸ್ಸು ಅಂದುಕೊಂಡೆ. ಬೆನ್ನು ನಡುಗಿತು. ಮೇಲೆ ಮೊರದಲ್ಲಿ ಬಳೆಗಳು ಗಿಲಿಗಿಲಿ ಅಂದವು.

"ಅಲ್ಲಾಡ್ಬ್ಯಾಡ," ಅಂದರು ಹಲ್ಲು ಕಚ್ಚಿ.

"ಅಲ್ಲಾಡ್ದಿದ್ರೆ ಅಲೆ ಹೆಂಗಾದೀತು ಅತ್ತೆಮ್ಮ?" ನಾನೂ ಪಿಸುಗುಟ್ಟಿದೆ.

"ಮೊರ ಮಗುಚಿತೋ, ಅಷ್ಟೇ ನೀನು."

ಕಾಲುಂಗುರ ಬಿಡಿಸಿಕೊಂಡು ಎದ್ದು ನಿಂತರು. ಹರಿದ ಜಾಗವನ್ನು ಕಾಲಿನಿಂದ ಒಳಕ್ಕೆ ತಳ್ಳಿ ಮುಚ್ಚಿದರು. ಕೈ ಮುಗಿದುಕೊಂಡು ಅಲ್ಲೇ ನಿಂತರು.

ಬಿಟ್ಟ ಬಾಗಿನ ಮುಂದೆ ಹೋಗಬೇಕು. ಮಗುಚಬಾರದು, ಬಿಟ್ಟವರ ಕಡೆಗೇ ವಾಪಸು ಬರಬಾರದು. ಬಂದರೆ ಗಂಗಮ್ಮ ಒಲ್ಲೆ ಅಂದ ಹಾಗೆ. ನಮ್ಮತ್ತೆ ಹಾಗಾದರೆ ಊಟ ಬಿಡುವವರು. "ಅಕ್ಕ, ಬೆನ್ನು ಕೊಡು," ಅಂದೆ. ಪಕ್ಕದ ಮನೆ ಅಕ್ಕ ಕುಂಡೆ ಎಳೆದುಕೊಂಡು ನನಗೆ ಒತ್ತಿ ಕೂತಳು. ನಾನು ಮೆಲ್ಲಗೆ ಎದ್ದೆ, ಮೊರ ಅವಳ ಕಡೆ ಜಾರಿತು. ಅವಳು ಬಾಗಿದಳು, ತೆಗೆದುಕೊಂಡಳು. ಅವಳ ಬೆನ್ನು ಹಾಸುಗಲ್ಲಿನಂಥದು, ಅಲ್ಲಿ ಮೊರ ಒಂದು ಗಳಿಗೆ ಸುಖವಾಗಿ ಕೂತಿತು. ಆಮೇಲೆ ಅದರಾಚೆಯವಳು. ಬಟ್ಟೆಯ ಕೆಳಗೆ ಎಲ್ಲರೂ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. "ಬಂತು ಕಣೇ, ಹಿಡಿ." "ನಿಧಾನಕ್ಕೆ." "ಕಾಯಿ ಉರುಳ್ತಾ ಐತೆ, ಎಡಗಡೆ ಎತ್ತು." ನೆಲ ಸಾರಿಸುವಾಗ ಸಗಣಿ ಬುಟ್ಟಿ ದಾಟಿಸುತ್ತೇವಲ್ಲ, ಹಾಗೆ.

ಮೇಲೆ ಏನಾಗುತ್ತಿದೆ ಅಂತ ನಮಗೆ ಕಾಣುತ್ತಿರಲಿಲ್ಲ. ಜನರ ಸದ್ದಿನಿಂದ ತಿಳಿಯುತ್ತಿತ್ತು. ಮೊದಲು ಒಬ್ಬಿಬ್ಬರು ಹೋ ಅಂದರು. ಆಮೇಲೆ ಇಡೀ ಥೇಟರು ಎದ್ದು ನಿಂತು, ಮೊರ ಒಂದು ಬೆನ್ನಿನಿಂದ ಇನ್ನೊಂದಕ್ಕೆ ಹೋದ ಹಾಗೆಲ್ಲ ಹೋ ಹೋ ಅಂತ ಕೂಗತೊಡಗಿತು. ಹಾರ್ಮೋನಿಯಂ ಮತ್ತೆ ಹಿಡಿದುಕೊಂಡಿತು. ಕೊನೆಗೆ ಮೊರ ನಡುಗಡ್ಡೆ ಮುಟ್ಟಿತು. ಕನ್ನಡಕವಿಲ್ಲದ ಯಜಮಾನಿ ಎರಡು ಸಲ ಗಾಳಿಗೆ ಕೈ ಹಾಕಿ, ಮೂರನೆಯ ಸಲ ಮೊರ ಹಿಡಿದು ಕಣ್ಣಿಗೊತ್ತಿಕೊಂಡಳಂತೆ. ತಗಡಿನ ಮಾಡು ಹಾರಿಹೋಗುವ ಹಾಗೆ ಚಪ್ಪಾಳೆ ಬಿತ್ತು. ಬಟ್ಟೆಯ ಕೆಳಗೆ ನಾವೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿದೆವು. ಆ ಗಳಿಗೆ ಸಮುದ್ರ ಹೇಗೆ ಕಂಡಿತೋ, ಆ ದೇವರೇ ಬಲ್ಲ.

ಆಟ ಮುಗಿಯಿತು. ನನ್ನ ಖುಷಿಯೂ ಅಲ್ಲಿಗೆ ಮುಗಿಯಿತು. ಮುಖ ತೊಳೆದುಕೊಳ್ಳಲೂ ಇಲ್ಲ, ಇನ್ನು ಯಾರಿಗೆ ಮುಚ್ಚಿಡುವುದು. ನೀಲಿ ಕತ್ತಿನಲ್ಲೇ ಹೊರಗೆ ಬಂದೆ. ಅತ್ತೆ ಟಿಕೆಟ್ ಕಿಟಕಿಯ ಹತ್ತಿರ ನಿಂತಿದ್ದರು. ಹೊತ್ತು ಮುಳುಗುತ್ತಿತ್ತು. ಮುಂದೆ ಅವರು, ಹಿಂದೆ ನಾನು, ಇನ್ನೂ ಹಿಂದೆ ಪಕ್ಕದ ಮನೆ ಅಕ್ಕ, ಏನಾದರೂ ಕೇಳಿಸೀತು ಅಂತ ಕಿವಿ ಚಾಚಿಕೊಂಡು.

"ಯಾವತ್ತಿಂದ?" ಅಂದರು ಅತ್ತೆ, ತಿರುಗಿ ನೋಡದೆ.

"ಶುರುವಿಂದ."

"ನಿನ್ನ ಗಂಡಂಗೆ ಗೊತ್ತಾ?"

"ಗೊತ್ತು."

"ಅದ್ಕೇ ದಿನಾ ಓಟಿ ಓಟಿ ಅಂತ ಓಡ್ತಿದ್ದ, ಹೇಡಿ." ಸ್ವಲ್ಪ ದೂರ ನಡೆದು ಮತ್ತೆ ಅಂದರು. "ಹತ್ತಿದ್ರೆ ಏನ್ ಮಾಡ್ತೀನಿ ಅಂದಿದ್ದೆ?"

"ತವ್ರಿಗೆ ಕಳಿಸ್ತೀನಿ ಅಂದಿದ್ರಿ. ಮಗೀನ ಬಿಟ್ಟು ಹೋಗು ಅಂದಿದ್ರಿ." ನನಗೆ ಕಾಲು ನಡುಗುತ್ತಿತ್ತು. ಆದರೆ ನನ್ನ ನಾಲಿಗೆ ಕಾಲಿನ ಮಾತು ಕೇಳುವುದಿಲ್ಲ. "ಹತ್ತಿದ್ದು ನಾನೊಬ್ಬಳೇನಾ ಅತ್ತೆಮ್ಮ? ನಾನು ಬಟ್ಟೆ ಕೆಳಗಿದ್ದೆ, ನನ್ನ ಯಾರೂ ನೋಡ್ಲಿಲ್ಲ. ನಿಮ್ಮನ್ನ ಇಡೀ ಊರೇ ನೋಡ್ತು."

ಅತ್ತೆ ನಿಂತುಬಿಟ್ಟರು. ಹಿಂದೆ ಅಕ್ಕನಿಗೆ ಕೆಮ್ಮು ಬಂತು.

ಅಷ್ಟರಲ್ಲಿ ಬೀದಿ ಬಂದಿತ್ತು. ಸುದ್ದಿ ನಮಗಿಂತ ಮುಂಚೆ ತಲುಪಿತ್ತು. ಜಗಲಿಗಳ ಮೇಲೆ ಹೆಂಗಸರು ಕಾದು ಕೂತಿದ್ದರು.

"ಹೀರೋಯಿನ್ ಬಂದ್ರು ನೋಡ್ರೇ," ಅಂದಳು ಒಬ್ಬ ಮುದುಕಿ. "ಸ್ಟೇಜ್ ಮ್ಯಾಲೆ ಏನ್ ಗತ್ತು, ಏನ್ ಮಾತು. ನಾಳೆ ಯಾವ ಪಾರ್ಟು ಕಣಮ್ಮಿ?"

"ನಿನ್ನ ತಿಥಿ ಮಾಡೋ ಪಾರ್ಟು," ಅಂದರು ಅತ್ತೆ. ಬೀದಿಯೆಲ್ಲ ನಕ್ಕಿತು. ಅತ್ತೆ ಮುಖ ತಿರುಗಿಸಿದರು, ಆದರೆ ತುಟಿಯ ಕೊನೆ ಅಲ್ಲಾಡಿದ್ದು ನನಗೆ ಕಂಡಿತು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಅಲೆಗಳಲ್ಲಿ ಯಾರು ಯಾರು ಅಂತ ಯಾರಿಗೆ ಬೇಕು, ಅವತ್ತು ಊರ ಬಾಯಲ್ಲಿದ್ದದ್ದು ನಮ್ಮತ್ತೆ ಒಬ್ಬರೇ.

ಮನೆ ಬಾಗಿಲಲ್ಲಿ ಕಾಲು ತೊಳೆದುಕೊಳ್ಳುತ್ತಾ ಹೇಳಿದರು. "ತವ್ರಿಗೆ ಕಳ್ಸಿದ್ರೆ ಯಾಕೆ ಅಂತ ಕೇಳ್ತಾರೆ. ನಾನೇನ್ ಹೇಳ್ಲಿ?"

ನಾನು ಬಾಯಿ ತೆರೆದೆ.

"ನೀನು ಬಾಯಿ ಮುಚ್ಕ. ನಿನ್ನ ಕೇಳ್ಲಿಲ್ಲ." ಇನ್ನೊಂದು ಚೊಂಬು ನೀರು ಹಾಕಿಕೊಂಡರು. "ಬಟ್ಟೆ ಎಷ್ಟುದ್ದ ಹರೀತು?"

"ಮೊಳ ಇರ್ಬೋದು."

"ನಾಳೆ ಆಟ ಐತಾ?"

"ಐತೆ. ಯಾರಾದ್ರೂ ಹೊಲೀತಾರೆ ಬಿಡಿ."

"ಯಾರಾದ್ರೂ ಅಂದ್ರೆ ಯಾರು? ಹರಿದಿದ್ದು ನನ್ನ ಕಾಲುಂಗುರ. ಕಂಡೋರು ಬಂದು ಹೊಲೀಬೇಕಾ?" ಒಳಗೆ ಹೋಗಿ ಸೊಂಟದಿಂದ ಬೀಗದ ಕೈ ತೆಗೆದು ಪೆಟ್ಟಿಗೆಯಲ್ಲಿ ಏನೋ ಹುಡುಕಿದರು. ಸೂಜಿಡಬ್ಬಿ ತಂದು ನನ್ನ ಮುಂದೆ ಕುಕ್ಕಿದರು. "ಮೊರ ಇಟ್ಟಾಗ ಯಾಕಂಗೆ ನಡುಗ್ದೆ? ಇನ್ನೊಂದು ಚೂರು ಆಗಿದ್ರೆ ಕಾಯಿ ಬೀಳ್ತಿತ್ತು." ಅಷ್ಟು ಹೇಳಿ ಒಲೆ ಮುಂದೆ ಕೂತರು. ಆ ವಿಷಯ ಅವರು ಸಾಯುವವರೆಗೆ ಮತ್ತೆ ಎತ್ತಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಎಮ್ಮೆ ಕರೆದು, ಹಾಲು ಕೊಟ್ಟು ಬಂದು, ಮಗಳಿಗೆ ಜಡೆ ಹಾಕಿ, ಸೂಜಿಡಬ್ಬಿ ತೆಗೆದುಕೊಂಡು ಥೇಟರಿಗೆ ಹೋದೆ. ಡಬ್ಬಿಯಲ್ಲಿ ನೀಲಿ ದಾರ ಇರಲಿಲ್ಲ. ಸ್ಟೇಜಿನ ಮೇಲೆ ಕಾಲು ಚಾಚಿ ಕೂತು ಬಿಳಿ ದಾರದಲ್ಲೇ ಸಮುದ್ರ ಹೊಲಿದೆ.